ಹುಚ್ಚುನಾಯಿ ಕಡಿದರೆ ಮೊದಲು ಎರಡು ಕೊಡ ನೀರು

ನನ್ನ ಎಮ್ಮಿಯ ಬಾಯಿಯೊಳಗೆ ನಾನೇ ಕೈ ಹಾಕಿದ ಸಂಗತಿಯಿಂದ ಈ ಬರಹ ಸುರು ಮಾಡುತ್ತೇನೆ. ನಾನು ಮಾಡಿದ ತಪ್ಪನ್ನು ಇನ್ನೊಬ್ಬ ರೈತ ಮಾಡಬಾರದು, ಅದಕ್ಕೆ.

ನಮ್ಮದು ನವಲಗುಂದ ತಾಲೂಕಿನ ಎರೆಸೀಮೆ. ಮಳೆ ನಂಬಿದ ಎರಡು ಕೂರಿಗಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲಿ, ಜೋಳ, ಒಂದಿಷ್ಟು ಕುಸುಬಿ. ಮನೆಯಲ್ಲಿ ಎರಡು ಎತ್ತು, ಒಂದು ಎಮ್ಮಿ. 2024ರ ಫೆಬ್ರುವರಿ, ಕಡಲಿ ಕೀಳುವ ಹೊತ್ತು. ಸಂಜಿಗೆ ಹೊಲದಿಂದ ಬಂದರೆ ಎಮ್ಮಿ ಮೇವು ಮುಟ್ಟಿರಲಿಲ್ಲ. ಬಾಯಿಂದ ಜೊಲ್ಲು ದಾರದಂತೆ ಇಳಿಯುತ್ತಿತ್ತು. ದನಿ ಒಡೆದು ಒಂದೇ ಸಮ ಒದರುತ್ತಿತ್ತು. ಗಂಟಲಲ್ಲಿ ಕಣಕಿ ದಂಟು ಸಿಕ್ಕಿರಬೇಕು ಅಂದುಕೊಂಡೆ. ಮಗನಿಗೆ ಮೂಗುದಾಣ ಹಿಡಿ ಅಂದು, ಬಾಯಿ ತೆಗೆಸಿ ಮೊಣಕೈತನಕ ಕೈ ಹಾಕಿ ತಡಕಾಡಿದೆ. ಏನೂ ಸಿಗಲಿಲ್ಲ. ಕೈ ಒರಸಿಕೊಂಡು ಊಟಕ್ಕೆ ಕುಂತೆ.

ಕಡಲಿ ಕಿತ್ತವರ ಕೈ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಗಿಡದ ಹುಳಿಗೆ ಬೆರಳು ಬಿರುಕು ಬಿಟ್ಟು ನೆತ್ತರ ಜಿನುಗುತ್ತಿರುತ್ತದೆ. ಆ ಕೈಯನ್ನೇ ನಾನು ಹುಚ್ಚು ಹಿಡಿದ ಎಮ್ಮಿಯ ಬಾಯಿಗೆ ಕೊಟ್ಟಿದ್ದೆ.

ಮರುದಿನ ದನದ ಡಾಕ್ಟರು ಬಂದರು. ಬಾಗಿಲಲ್ಲೇ ನಿಂತು ನೋಡಿ, “ಇದರ ಬಾಯಾಗ ಯಾರರ ಕೈ ಹಾಕೀರೇನ್ರಿ?” ಎಂದು ಕೇಳಿದರು. ನಾನು ಹೂಂ ಅಂದೆ. “ಮೊದಲ ಹೋಗಿ ಸಾಬೂನು ಹಚ್ಚಿ ಕೈ ತೊಳಕೋರಿ, ಆಮ್ಯಾಲೆ ಮಾತಾಡೋಣು” ಅಂದರು. ಆಗ ನೆನಪಾಯಿತು, ಒಂದೂವರೆ ತಿಂಗಳ ಹಿಂದೆ ಮೇಯಲು ಬಿಟ್ಟಾಗ ಬೆಣ್ಣಿಹಳ್ಳದ ದಂಡಿಯಲ್ಲಿ ಯಾವುದೋ ನಾಯಿ ಎಮ್ಮಿಯ ಹಿಂಗಾಲಿಗೆ ಬಾಯಿ ಹಾಕಿತ್ತು. ಸುಣ್ಣ ಹಚ್ಚಿ ಮರೆತುಬಿಟ್ಟಿದ್ದೆವು. ಮೂರನೇ ದಿನ ಎಮ್ಮಿ ಸತ್ತಿತು.

ಕೈ ತೊಳೆಯಲು ಹೊರಟಾಗ ಪಕ್ಕದ ಮನೆಯ ಅಜ್ಜ ಒಂದು ಹಿಡಿ ಖಾರಪುಡಿ ಹಿಡಿದು ಬಂದರು. “ಇದನ್ನ ಒತ್ತಿ ಹಚ್ಚೋ ತಮ್ಮಾ, ವಿಷ ಸುಟ್ಟು ಹೋಗತೈತಿ.” ನನ್ನ ಹೆಂಡತಿ, “ಯಜ್ಜಾ, ಡಾಕ್ಟರು ಬರೇ ನೀರು, ಸಾಬೂನು ಅಂದಾರ” ಎಂದು ಅವರನ್ನು ಕುಂದರಿಸಿ ಚಹಾ ಕೊಟ್ಟಳು. ಅಜ್ಜನ ಮನಸ್ಸು ಒಳ್ಳೆಯದೇ. ಅವರಿಗೆ ಗೊತ್ತಿದ್ದದ್ದು ಅಷ್ಟೇ. ನನ್ನ ಅಭಿಪ್ರಾಯ ಇಷ್ಟು: ಹುಚ್ಚುನಾಯಿ ರೋಗದಿಂದ ನಮ್ಮ ಹಳ್ಳಿಗಳಲ್ಲಿ ಜೀವ ಹೋಗುವುದು ಔಷಧ ಇಲ್ಲದ್ದಕ್ಕಲ್ಲ. ಮೊದಲ ತಾಸಿನಲ್ಲಿ ಗಾಯಕ್ಕೆ ಹಚ್ಚಬಾರದ್ದನ್ನು ಹಚ್ಚುತ್ತೇವೆ, ಹೋಗಬೇಕಾದ ಕಡೆ ಹೋಗುವುದಿಲ್ಲ. ಅದರಿಂದ ಹೋಗುತ್ತದೆ.

ಹದಿನಾಲ್ಕು ಸೂಜಿಯ ಅಂಜಿಕೆ

ನಾನು ಏಳನೇ ಇಯತ್ತೆಗೇ ಸಾಲಿ ಬಿಟ್ಟವನು. ಆಗ 1982. ಅದೇ ವರ್ಷ ನಮ್ಮ ಚಿಗವ್ವನ ಮಗನಿಗೆ ಹೊಲದಲ್ಲಿ ನಾಯಿ ಮುಂಗೈ ಕಡಿಯಿತು. ಅವನಿಗೆ ಒಂಬತ್ತು ವರ್ಷ. ಆ ಕಾಲಕ್ಕೆ ಹೊಕ್ಕಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದರು. ಹೊಟ್ಟಿ ಬಾತು ಹುಡುಗರು ಕೂಗುತ್ತಿದ್ದರು. ಅದನ್ನು ನೆನೆಸಿಯೇ ನಮ್ಮ ಅಮ್ಮ, “ಕೂಸಿನ ಹೊಟ್ಟಿ ಜರಡಿ ಮಾಡತಾರ, ಬ್ಯಾಡ” ಎಂದು ಹಟ ಹಿಡಿದಳು. ನಾಟಿ ಔಷಧ ಕೊಡುವವರ ಹತ್ತಿರ ಒಯ್ದರು. ಬೇರು ತೇಯ್ದು ಕುಡಿಸಿದರು, ಪಥ್ಯ ಹೇಳಿದರು. ಗಾಯ ಮಾಯಿತು. ಒಂದೂವರೆ ತಿಂಗಳಿಗೆ ಹುಡುಗನಿಗೆ ಜ್ವರ ಬಂತು, ಕಡಿದ ಜಾಗ ಜುಮುಜುಮು ಅಂದಿತು. ಆಮೇಲೆ ತಂಬಿಗಿ ನೋಡಿದರೆ ಗಂಟಲು ಬಿಗಿಯುತ್ತಿತ್ತು. ನಾಲ್ಕನೇ ದಿನ ಹೋದ. ನಾನು ಬಾಗಿಲ ಸಂದಿಯಿಂದ ನೋಡಿದ್ದೆ. ಇವತ್ತಿಗೂ ಅದು ಕಣ್ಣ ಮುಂದೆ ಐತಿ.

ಅಮ್ಮನನ್ನು ನಾನು ಬೈಯುವುದಿಲ್ಲ. ಆ ಹಳೇ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಡೇವಿಡ್ ಸೆಂಪಲ್ ಎಂಬ ಡಾಕ್ಟರು ಹಿಮಾಚಲದ ಕಸೌಲಿಯಲ್ಲಿ 1911ರಲ್ಲಿ ಅದನ್ನು ರೂಪಿಸಿದರು. ಕಸೌಲಿ, ಕೂನೂರಿನ ಸಂಸ್ಥೆಗಳಿಂದ ಅದು ಲಕ್ಷಾಂತರ ಜನರಿಗೆ ಹೋಯಿತು. ಎಷ್ಟೋ ಜೀವ ಉಳಿಸಿತು. ಆದರೆ ನೋವು ಬಹಳ. ಕೆಲವರಿಗೆ ನರದ ತೊಂದರೆಯೂ ಆಗುತ್ತಿತ್ತು. ನಮ್ಮ ದೇಶದಲ್ಲಿ 2004ರ ಕೊನೆಗೆ ಅದರ ತಯಾರಿಕೆ ನಿಲ್ಲಿಸಿದರು. ಲಸಿಕೆ ಹೋಗಿ ಇಪ್ಪತ್ತು ವರ್ಷದ ಮೇಲಾಯಿತು, ಅಂಜಿಕೆ ಮಾತ್ರ ನಮ್ಮ ಮನೆಗಳಲ್ಲಿ ಇನ್ನೂ ಉಳಿದೈತಿ. ನಾಯಿ ಕಡಿದದ್ದನ್ನು ಮಕ್ಕಳು ಮನೆಯಲ್ಲಿ ಹೇಳದೆ ಮುಚ್ಚಿಡುವುದೂ ಇದೇ ಅಂಜಿಕೆಗೆ.

ಈಗಿನ ಸೂಜಿ ತೋಳಿಗೆ. ಸರ್ಕಾರಿ ದವಾಖಾನೆಯಲ್ಲಿ ಹೆಚ್ಚಾಗಿ ತೊಗಲಿನ ಪದರಿನಲ್ಲಿ, ಒಂದೊಂದು ಸಲಕ್ಕೆ ಎರಡು ಕಡೆ, ಸ್ವಲ್ಪಸ್ವಲ್ಪ ಕೊಡುತ್ತಾರೆ. ಒಟ್ಟು ನಾಲ್ಕು ಸಲ ಹೋಗಬೇಕು. ತೋಳಿನ ಸ್ನಾಯುವಿಗೆ ಕೊಟ್ಟರೆ ಐದು ಸಲ. ಹೊಟ್ಟೆಗೆ ಒಂದೂ ಇಲ್ಲ. ಸರ್ಕಾರಿ ದವಾಖಾನೆಯಲ್ಲಿ ರೊಕ್ಕವೂ ಇಲ್ಲ. ಬಸುರಿಯರು, ಬಾಣಂತಿಯರು, ಹಸುಗೂಸು ಎಲ್ಲರೂ ತಗೋಬಹುದು.

ಎರಡು ಕೊಡ ನೀರಿನ ಲೆಕ್ಕ

ನಾಯಿ, ಬೆಕ್ಕು, ನರಿ, ಮುಂಗುಸಿ, ಯಾವುದೇ ಕಡಿಯಲಿ ಅಥವಾ ಪರಚಲಿ, ಮೊದಲು ಮಾಡುವುದು ತೊಳೆಯುವ ಕೆಲಸ. ಹರಿಯುವ ನೀರು, ಸಾಬೂನು, ಪೂರ್ತಿ ಹದಿನೈದು ನಿಮಿಷ. ಮೈ ತೊಳೆಯುವ ಸಾಬೂನಾಗಲಿ, ಬಟ್ಟೆ ಒಗೆಯುವ ಬಾರ್ ಸಾಬೂನಾಗಲಿ, ಎರಡೂ ನಡೆಯುತ್ತವೆ. ಸಾಬೂನೇ ಯಾಕೆ? ಈ ರೋಗದ ವೈರಸ್ಸಿಗೆ ಮೇಲೊಂದು ಕೊಬ್ಬಿನ ಹೊದಿಕೆ ಇರುತ್ತದೆ. ಎಣ್ಣೆ ಬಿದ್ದ ಅಂಗಿಗೆ ಬರೇ ನೀರು ಸಾಲುವುದಿಲ್ಲ, ಸಾಬೂನು ಬೇಕು. ಇದೂ ಹಾಗೆಯೇ. ಸಾಬೂನು ಆ ಹೊದಿಕೆ ಹರಿಯುತ್ತದೆ, ನೀರು ಅದನ್ನು ಹೊರಗೆ ಒಯ್ಯುತ್ತದೆ.

ನಮ್ಮ ಸೀಮೆಯವರು ಇಲ್ಲಿ ಒಂದು ಮಾತು ಎತ್ತುತ್ತಾರೆ. “ಕುಡಿಯಾಕ ನೀರಿಲ್ಲ, ಹದಿನೈದು ನಿಮಿಷ ಎಲ್ಲಿಂದ ಸುರೀಬೇಕ್ರಿ?” ನಾನು ಮನೆಯಲ್ಲಿ ಗಡಿಯಾರ ಇಟ್ಟುಕೊಂಡು ನೋಡಿದೆ. ತಂಬಿಗಿಯಿಂದ ಸಣ್ಣ ಧಾರೆ ಬಿಟ್ಟು ತೊಳೆದರೆ ದೊಡ್ಡ ಕೊಡ ಎರಡು ಸಾಕಾಯಿತು. ಎತ್ತಿಗೆ ಒಂದು ಹೊತ್ತಿಗೆ ಕುಡಿಸುವಷ್ಟು ನೀರು. ಒಂದು ಜೀವಕ್ಕೆ ಇದು ಹೆಚ್ಚಲ್ಲ. ಕುಡಿಯುವ ನೀರೇ ಬೇಕೆಂದಿಲ್ಲ, ಸವಳು ಬೋರಿನ ನೀರೂ ನಡೆಯುತ್ತದೆ. ಹೊಲದಲ್ಲಿ ಕಡಿದರೆ ಬುತ್ತಿ ಜೊತೆ ತಂದ ಕೊಡದ ನೀರಿನಿಂದ ಅಲ್ಲೇ ಸುರು ಮಾಡಿ, ಮನೆಗೆ ಬಂದು ಸಾಬೂನು ಹಚ್ಚಿ ಪೂರ್ತಿ ಮಾಡಿರಿ. ತೊಳೆದ ಮೇಲೆ ಮನೆಯಲ್ಲಿ ಪೊವಿಡೋನ್ ಅಯೋಡಿನ್ ಅಥವಾ ಸ್ಪಿರಿಟ್ ಇದ್ದರೆ ಹಚ್ಚಬಹುದು. ಇಲ್ಲದಿದ್ದರೆ ಹಾಗೇ ಹೊರಡಿರಿ.

ಹಚ್ಚಬಾರದ್ದು: ಖಾರಪುಡಿ, ಸುಣ್ಣ, ಅರಿಷಿಣ, ಸೀಮೆಎಣ್ಣೆ, ಕಾಫಿಪುಡಿ, ಬೂದಿ, ಎಲೆಯ ರಸ. ಇವು ಗಾಯ ಕೆರಳಿಸುತ್ತವೆ, ವೈರಸ್ಸನ್ನು ಇನ್ನೂ ಒಳಗೆ ಒತ್ತುತ್ತವೆ. ಅದು ನರ ಹಿಡಿದರೆ ಮಿದುಳಿನ ಕಡೆಗೆ ಮೆಲ್ಲಗೆ ಏರುತ್ತದೆ. ಮುಖ, ಕುತ್ತಿಗೆ, ಕೈಬೆರಳಿಗೆ ಕಡಿದದ್ದು ಹೆಚ್ಚು ಅಪಾಯದ್ದು. ಬಟ್ಟೆ ಬಿಗಿದು ಕಟ್ಟಬಾರದು. ಹೊಲಿಗೆ ಹಾಕಿಸಲು ಅವಸರ ಮಾಡಬಾರದು. ಹಾಕಲೇಬೇಕಾದರೆ ಅದು ಡಾಕ್ಟರಿಗೆ ಬಿಟ್ಟದ್ದು.

ತೊಳೆದರೆ ಮುಗಿಯಿತು ಅಂತಲೂ ಅಲ್ಲ. ಅದೇ ದಿನ ದವಾಖಾನೆಗೆ ಹೋಗಬೇಕು. ನಾಲ್ಕು ದಿನ ತಡವಾಗಿದ್ದರೂ, ತಿಂಗಳಾಗಿದ್ದರೂ ಹೋಗಬೇಕು. ಲಕ್ಷಣ ಕಾಣುವತನಕ ಲಸಿಕೆಗೆ ಕಾಲಾವಕಾಶ ಐತಿ. ಲಕ್ಷಣ ಕಂಡ ಮೇಲೆ ಇದಕ್ಕೆ ಔಷಧವೇ ಇಲ್ಲ.

ಲಸಿಕೆ ಬೇರೆ, ಸೀರಂ ಬೇರೆ

ಇದು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಲಸಿಕೆ ಅಂದರೆ ಬಿತ್ತಿದ ಬೀಜ. ಮೈಯಲ್ಲಿ ಮೊಳೆತು ಬಲ ಕೊಡಲು ಒಂದೆರಡು ವಾರ ಬೇಕು. ಅಲ್ಲಿಯತನಕ ಉಣ್ಣಲು ಪೇಟೆಯಿಂದ ಕಾಳು ತರಬೇಕಲ್ಲ, ಆ ಕಾಳೇ ಸೀರಂ. ಡಾಕ್ಟರು ಅದಕ್ಕೆ ಇಮ್ಯುನೊಗ್ಲೋಬುಲಿನ್ ಅನ್ನುತ್ತಾರೆ. ತೊಗಲು ಹರಿದು ನೆತ್ತರ ಬಂದಿದ್ದರೆ, ಒಡೆದ ತೊಗಲಿಗೆ ಅಥವಾ ಬಾಯಿ, ಕಣ್ಣಿಗೆ ಜೊಲ್ಲು ತಾಗಿದ್ದರೆ ಲಸಿಕೆಯ ಜೊತೆಗೆ ಇದೂ ಬೇಕು. ಇದನ್ನು ಗಾಯದ ಒಳಗೂ ಸುತ್ತಲೂ ಕೊಡುತ್ತಾರೆ. ಮೊದಲ ದಿನವೇ ಆಗಬೇಕು. ಆಗಲಿಲ್ಲವೆಂದರೆ ಮೊದಲ ಲಸಿಕೆಯಿಂದ ಏಳು ದಿನದೊಳಗೆ.

ನನ್ನ ಗಾಡಿ ಸಿಕ್ಕಿದ್ದು ಇಲ್ಲೇ. ಮೊದಲು ಹೋದ ದವಾಖಾನೆಯಲ್ಲಿ ಲಸಿಕೆ ಇತ್ತು, ಸೀರಂ ಇರಲಿಲ್ಲ. “ನಾಯಿ ಕಡದಿಲ್ಲಲ್ಲಾ, ಇಷ್ಟ ಸಾಕು” ಎಂದು ಕಳಿಸಿದರು. ನಾನೂ ಕಡಲಿ ಒಕ್ಕುವ ಗಡಿಬಿಡಿಯಲ್ಲಿ ಬಂದುಬಿಟ್ಟೆ. ದನದ ಡಾಕ್ಟರು ಮತ್ತೆ ಕೇಳಿದಾಗ ಬೈಸಿಕೊಂಡು, ಎರಡು ದಿನ ತಡವಾಗಿ ದೊಡ್ಡ ದವಾಖಾನೆಗೆ ಹೋಗಿ ಬೆರಳ ಬಿರುಕಿನ ಸುತ್ತ ಸೀರಂ ಹಾಕಿಸಿಕೊಂಡೆ. ಆ ಎರಡು ರಾತ್ರಿ ನಿದ್ದಿ ಹತ್ತಲಿಲ್ಲ. ಚಿಗವ್ವನ ಮಗನೇ ಕಣ್ಣಿಗೆ ಬರುತ್ತಿದ್ದ.

ಹಿಮಾಚಲದ ಡಾಕ್ಟರ್ ಓಮೇಶ್ ಭಾರ್ತಿ ಎಂಬವರು ಈ ಸೀರಂ ಕೊರತೆಗೆ ಒಂದು ದಾರಿ ತೋರಿಸಿದ್ದಾರೆ. ಮೊದಲು ಮೈತೂಕದ ಲೆಕ್ಕದಲ್ಲಿ, ಗಾಯಕ್ಕೆ ಹಿಡಿಸಿ ಉಳಿದದ್ದನ್ನು ಸ್ನಾಯುವಿಗೆ ಕೊಡುತ್ತಿದ್ದರು. ಗಾಯಕ್ಕಷ್ಟೇ ಕೊಟ್ಟರೆ ಸಾಕು ಎಂದು ಇವರು ಕೊಟ್ಟು ತೋರಿಸಿದರು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಒಪ್ಪಿತು, 2019ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಒಬ್ಬರಿಗೆ ಬೇಕಾಗುತ್ತಿದ್ದ ಸೀರಂ ಈಗ ಹಲವರಿಗೆ ಸಾಲುತ್ತದೆ. ಅಂದಮೇಲೆ ತಾಲೂಕು ದವಾಖಾನೆಯಲ್ಲಿ ಸೀರಂ ಇಲ್ಲ ಅನ್ನುವುದಕ್ಕೆ ಇನ್ನು ನೆಪ ಇರಬಾರದು.

ಸೂಜಿಯ ದಿನಗಳನ್ನು ನಾವು ಮರೆಯುತ್ತೇವೆ. ಅದಕ್ಕೊಂದು ಸುಲಭ ಲೆಕ್ಕ. ಮೊದಲ ಸೂಜಿಯ ದಿನ ಸೊನ್ನೆ. ಮುಂದೆ 3, 7, 28. ಸೊನ್ನೆ ಮಂಗಳವಾರ ಆದರೆ ಮೂರನೆಯದು ಶುಕ್ರವಾರ, ಏಳನೆಯದು ಮರು ಮಂಗಳವಾರ, ಇಪ್ಪತ್ತೆಂಟನೆಯದೂ ಮಂಗಳವಾರವೇ. ಸ್ನಾಯುವಿನ ಸೂಜಿಗೆ ಬರುವ 14ನೆಯ ದಿನವೂ ಅದೇ ವಾರ. ಗ್ವಾಡಿಗೆ ಮಸಿಯಿಂದ ಬರೆದಿಡಿರಿ. ನನ್ನ ಕೊನೇ ಸೂಜಿ ಜೋಳದ ಸುಗ್ಗಿಯಲ್ಲಿ ಬಂತು. ಆಳು ಸಿಕ್ಕ ದಿನ ಬಿಟ್ಟು ಹೋಗಲು ಮನಸ್ಸಿರಲಿಲ್ಲ. ಹೆಂಡತಿ ಗ್ವಾಡಿ ತೋರಿಸಿ, “ಜೋಳ ನಾಳಿಗೂ ಇರತಾವು” ಅಂದಳು. ಹೋಗಿ ಬಂದೆ.

“ನಾಟಿ ಔಷಧದಿಂದ ಎಷ್ಟೋ ಮಂದಿ ಬದುಕ್ಯಾರಲ್ಲಾ?”

ಈ ಪ್ರಶ್ನೆ ನೀವು ಕೇಳಿಯೇ ಕೇಳುತ್ತೀರಿ. ನಾನೂ ಕೇಳಿದ್ದೆ. ಉತ್ತರ ಸರಳ. ಕಡಿದ ನಾಯಿಗಳೆಲ್ಲ ಹುಚ್ಚುನಾಯಿ ಅಲ್ಲ. ಹುಚ್ಚುನಾಯಿ ಕಡಿದವರಿಗೆಲ್ಲ ರೋಗ ಬಂದೇ ಬರುತ್ತದೆ ಅಂತಲೂ ಇಲ್ಲ. ಹತ್ತು ಮಂದಿಗೆ ಬೇರು ಕುಡಿಸಿದರೆ ಒಂಬತ್ತು ಮಂದಿ ಹೇಗೂ ಬದುಕುವವರೇ ಇರಬಹುದು. ಆ ಒಂಬತ್ತರ ಹೆಸರು ಬೇರಿಗೆ ಬರುತ್ತದೆ. ಹತ್ತನೆಯವನು ಸತ್ತರೆ “ಪಥ್ಯ ಮುರದಿದ್ದ” ಅನ್ನುತ್ತಾರೆ. ಮಳೆ ಬಂದ ಹೊಲಕ್ಕೆ ಹಾಕಿದ ಗೊಬ್ಬರವೆಲ್ಲ ಒಳ್ಳೆಯದೇ ಅಂದ ಹಾಗೆ. ಬರಗಾಲದಲ್ಲಿ ಅದರ ಬಣ್ಣ ಗೊತ್ತಾಗುತ್ತದೆ. ನಾಟಿ ಔಷಧದವರಿಗೆ ನನ್ನ ವಿನಂತಿ ಒಂದೇ. ನಿಮ್ಮ ಹತ್ತಿರ ಬಂದವರಿಗೆ ಮೊದಲು ಸಾಬೂನು ಕೊಡಿರಿ, ಆಮೇಲೆ ದವಾಖಾನೆಯ ದಾರಿ ತೋರಿಸಿರಿ.

ಇನ್ನೊಂದು ಮಾತು, “ನಾಯಿನ ಹತ್ತು ದಿನ ನೋಡ್ರಿ” ಅನ್ನುವುದು. ಮಾತು ಖರೆ, ಆದರೆ ಅರ್ಧ. ಸೂಜಿ ಸುರು ಮಾಡಿಯೇ ನಾಯಿಯನ್ನು ನೋಡಬೇಕು. ಹತ್ತು ದಿನ ನಾಯಿ ಅಥವಾ ಬೆಕ್ಕು ಆರಾಮಿದ್ದರೆ ಮುಂದಿನದನ್ನು ಡಾಕ್ಟರು ಹೇಳುತ್ತಾರೆ. ನರಿ, ಮುಂಗುಸಿಗೆ ಈ ಲೆಕ್ಕ ಇಲ್ಲ. ಕಲಘಟಗಿ ಕಡೆಯ ಕಾಡಂಚಿನವರು ಇದನ್ನು ನೆನಪಿಡಬೇಕು.

ಸಣ್ಣ ಗಾಯ, ಸಣ್ಣ ನಾಯಿ ಅಂತಲೂ ಬಿಡಬಾರದು. ಉತ್ತರ ಪ್ರದೇಶದ ಬುಲಂದಶಹರ ಜಿಲ್ಲೆಯ 22 ವರ್ಷದ ಕಬಡ್ಡಿ ಆಟಗಾರನೊಬ್ಬ ಗಟಾರಕ್ಕೆ ಬಿದ್ದ ನಾಯಿಮರಿ ಎತ್ತಲು ಹೋಗಿ ಕಚ್ಚಿಸಿಕೊಂಡಿದ್ದ. ಸೂಜಿ ತಗೊಳ್ಳಲಿಲ್ಲ. 2025ರ ಜೂನ್‌ನಲ್ಲಿ ತೀರಿಹೋದ. ನಮ್ಮ ದಾವಣಗೆರೆಯಲ್ಲಿ 2025ರ ಏಪ್ರಿಲ್‌ನಲ್ಲಿ ನಾಯಿ ಕಡಿದ ನಾಲ್ಕು ವರ್ಷದ ಹೆಣ್ಣುಮಗು ಆಗಸ್ಟ್‌ನಲ್ಲಿ ಹೋಯಿತು. ಜಗತ್ತಿನಲ್ಲಿ ಈ ರೋಗದಿಂದ ವರ್ಷಕ್ಕೆ ಸುಮಾರು 59,000 ಜನ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹತ್ತರಲ್ಲಿ ನಾಲ್ವರು ಹದಿನೈದರೊಳಗಿನ ಮಕ್ಕಳು.

ದನ ಕಟ್ಟಿದವರು ತಿಳಿದಿರಬೇಕಾದ್ದು

ದನಕ್ಕೆ ನಾಯಿ ಕಡಿದರೆ ಅದರ ಗಾಯವನ್ನೂ ಹೀಗೇ ಸಾಬೂನು ಹಚ್ಚಿ ತೊಳೆಯಿರಿ. ಕೈಗೆ ಪ್ಲಾಸ್ಟಿಕ್ ಚೀಲವಾದರೂ ಕಟ್ಟಿಕೊಳ್ಳಿರಿ. ಅದೇ ದಿನ ದನದ ಡಾಕ್ಟರಿಗೆ ತಿಳಿಸಿರಿ, ದನಕ್ಕೂ ಕಡಿದ ಮೇಲೆ ಕೊಡುವ ಲಸಿಕೆ ಐತಿ. ಮೇವು ಬಿಟ್ಟು, ಜೊಲ್ಲು ಸುರಿಸಿ, ಒಡಕು ದನಿಯಲ್ಲಿ ಒದರುವ ದನದ ಬಾಯಿಗೆ ಕೈ ಹಾಕಲೇಬೇಡಿರಿ. ಗಂಟಲಲ್ಲಿ ಏನೋ ಸಿಕ್ಕಂತೆ ಕಾಣುವುದೇ ಈ ರೋಗದ ಮೋಸ. ಸತ್ತರೆ ತೊಗಲು ಸುಲಿಯಬಾರದು, ಹಳ್ಳಕ್ಕೆ ಎಸೆಯಬಾರದು. ಆಳವಾಗಿ ಹೂಳಬೇಕು.

ನಮ್ಮ ಎಮ್ಮಿ ಸತ್ತಾಗ ಹಾಲು ತಗೊಂಡ ನಾಲ್ಕು ಮನೆಯವರು ಗಾಬರಿಯಾಗಿ ಬಂದರು. ಕಾಯಿಸಿದ ಹಾಲಿನಿಂದ ಈ ರೋಗ ಬರುವುದಿಲ್ಲ. ಚಹಾ ಕುಡಿದವರಿಗೆ ಸೂಜಿ ಬೇಕಿಲ್ಲ ಅಂದರು ಡಾಕ್ಟರು. ಹಸಿ ಹಾಲು ಕುಡಿದವರು ಡಾಕ್ಟರನ್ನು ಕೇಳಬೇಕು, ರೋಗದ ದನದ ಹಾಲನ್ನು ಮುಂದೆ ಬಳಸಬಾರದು. ಸೂಜಿ ಬೇಕಾದದ್ದು ಜೊಲ್ಲು ಮುಟ್ಟಿದ ನನಗೆ, ಮೂಗುದಾಣ ಹಿಡಿದ ಮಗನಿಗೆ. ಇಬ್ಬರೂ ಮಾಡಿಸಿಕೊಂಡೆವು.

ಊರು ಮಾಡುವ ಕೆಲಸ

ನಾಯಿಗಳನ್ನು ಹೊಡೆದು ಕೊಂದರೆ ಮುಗಿಯಿತು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಒಂದು ಓಣಿಯ ನಾಯಿ ಕೊಂದರೆ ಆ ಜಾಗಕ್ಕೆ ಲಸಿಕೆ ಇಲ್ಲದ ಬೇರೆ ನಾಯಿ ಬರುತ್ತದೆ. ಹೊಲ ಕಾಯುವುದಕ್ಕೂ, ಕುರಿಗಾರರ ಹಿಂಡಿಗೂ ನಾಯಿ ಬೇಕೇ ಬೇಕು. ಊರಿನ ನೂರು ನಾಯಿಗಳಲ್ಲಿ ಎಪ್ಪತ್ತಕ್ಕೆ ಲಸಿಕೆ ಬಿದ್ದರೆ ರೋಗದ ಸರಪಳಿ ಹರಿಯುತ್ತದೆ. ನಮ್ಮ ಮಗ್ಗುಲಿನ ಗೋವಾ ಹೀಗೆ ವರ್ಷ ವರ್ಷ ನಾಯಿಗಳಿಗೆ ಲಸಿಕೆ ಹಾಕಿಸಿ, 2021ರಲ್ಲಿ ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಿಕೊಂಡಿತು. ಅಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?

ಕರ್ನಾಟಕ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿದೆ. ಒಳ್ಳೆಯದು. ಆದರೆ ಸತ್ತ ಮೇಲೆ ಬರೆದುಕೊಳ್ಳುವುದಕ್ಕಿಂತ ಸಾಯದಂತೆ ನೋಡುವುದು ಮೇಲು. ನಾವು ಗ್ರಾಮಸಭೆಯಲ್ಲಿ ರಸ್ತೆ, ಗಟಾರ, ಮನೆ ಕೇಳುತ್ತೇವೆ. ಇನ್ನು ಮೇಲೆ ಮೂರು ಮಾತು ಕೇಳೋಣ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇವತ್ತು ಲಸಿಕೆ ಐತೋ ಇಲ್ಲೋ? ಸೀರಂ ಹತ್ತಿರ ಎಲ್ಲಿ ಸಿಗುತ್ತದೆ, ಅದನ್ನು ಫಲಕದ ಮೇಲೆ ಬರೆದೀರೋ ಇಲ್ಲೋ? ಪಂಚಾಯತಿಯವರು, ದನದ ದವಾಖಾನೆಯವರು ಕೂಡಿ ಊರ ನಾಯಿಗಳಿಗೆ ಲಸಿಕೆ ಯಾವಾಗ ಹಾಕುತ್ತೀರಿ? ಸೆಪ್ಟೆಂಬರ್ 28 ರೇಬೀಸ್ ದಿನ. ಆ ದಿನವನ್ನೇ ಗೊತ್ತು ಮಾಡಬಹುದು. ಅವತ್ತು ಸಾಲಿ ಮಾಸ್ತರರು ಮಕ್ಕಳಿಗೆ ಇಷ್ಟು ಹೇಳಿಕೊಟ್ಟರೂ ಸಾಕು: ನಾಯಿ ಕಡಿದರೆ ಮನೆಯಲ್ಲಿ ಹೇಳಬೇಕು, ಯಾರೂ ಬೈಯುವುದಿಲ್ಲ.

ನಮ್ಮ ಮನೆಯ ಬಚ್ಚಲ ಕಲ್ಲಿನ ಹತ್ತಿರ ಈಗ ಒಂದು ಬಾರ್ ಸಾಬೂನು ಯಾವಾಗಲೂ ಇರುತ್ತದೆ. ಹೋದ ತಿಂಗಳು ಪಕ್ಕದ ಮನೆಯ ಅಜ್ಜನ ಮೊಮ್ಮಗಳಿಗೆ ಬೆಕ್ಕು ಪರಚಿತು. ಅಜ್ಜ ಖಾರದ ಡಬ್ಬಿಗೆ ಕೈ ಹಾಕಲಿಲ್ಲ. ಹುಡುಗಿಯನ್ನು ಎತ್ತಿಕೊಂಡು ನಮ್ಮ ಬಚ್ಚಲಿಗೆ ಬಂದು, “ತಮ್ಮಾ, ನೀರು ಸುರಿ, ನಾ ತೊಳೀತೀನಿ” ಅಂದರು. ಇಬ್ಬರೂ ಕೂಡಿ ಎರಡು ಕೊಡ ಖಾಲಿ ಮಾಡಿದೆವು. ಆಮೇಲೆ ಮೋಟರ್ ಸೈಕಲ್ ಮೇಲೆ ದವಾಖಾನೆಗೆ ಕರಕೊಂಡು ಹೋದೆ. ಅವಳ ಇಪ್ಪತ್ತೆಂಟನೇ ದಿನ ಬರುವ ಗುರುವಾರ. ಅಜ್ಜನ ಗ್ವಾಡಿ ಮೇಲೆ ಬರೆದೈತಿ.